ಮೊದಲು ಜೀವಕೋಶ ಇಲ್ಲದ ಪ್ಲೇಟ್ ಇಡಿ: ನ್ಯಾನೋ ಕಣಗಳ ಸುರಕ್ಷತೆ ಪರೀಕ್ಷೆ ಮಾಡುವವರಿಗೆ

ಕಕ್ಕಡ ತಿಂಗಳ ಒಂದು ಸಂಜೆ. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಲ್ಯಾಬಿನ ಹುಡುಗಿ ಕಾಫಿ ಎಲೆ ಕುದಿಸಿದ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡಿ, ಅದನ್ನು ಶ್ವಾಸಕೋಶದ ಜೀವಕೋಶಗಳ ಮೇಲೆ ಹಾಕಿ, ಎಷ್ಟು ಕೋಶ ಬದುಕಿವೆ ಅಂತ ನೋಡುವ ಎಂಟಿಟಿ ಪರೀಕ್ಷೆ ಮುಗಿಸಿದ್ದಳು. ಬೆಳ್ಳಿ ಜಾಸ್ತಿ ಹಾಕಿದಷ್ಟೂ ಕೋಶಗಳು ಇನ್ನೂ ಚೆನ್ನಾಗಿವೆ ಅಂತ ಅಂಕಿ ಬಂದಿತ್ತು. ಏನೂ ಹಾಕದ ಕೋಶ 100 ಅಂದರೆ ಇದು 120 ದಾಟಿತ್ತು. ಅವಳಿಗೆ ಖುಷಿಯೋ ಖುಷಿ, ನನಗೆ ಅನುಮಾನ.

ಇನ್ನೊಂದು ಪ್ಲೇಟ್ ತೆಗೆದುಕೊಂಡೆವು. ಜೀವಕೋಶ ಹಾಕಲಿಲ್ಲ. ಬರೀ ಮೀಡಿಯಂ (ಕೋಶ ಬೆಳೆಸುವ ದ್ರವ), ಅದೇ ಕಣ, ಅದೇ ಎಂಟಿಟಿ. 37 ಡಿಗ್ರಿಯಲ್ಲಿ 4 ಗಂಟೆ ಇಟ್ಟು, ಹೊರಗೆ ತೆಗೆದು ಬಿಳಿ ಕಾಗದದ ಮೇಲೆ ಇಟ್ಟು ನೋಡಿದರೆ, ಬಣ್ಣ ತಿರುಗಬಾರದಿದ್ದ ವೆಲ್, ಅಂದರೆ ಪ್ಲೇಟಿನ ಪುಟ್ಟ ಗುಳಿ‌ಗಳು ನೇರಳೆ ಹಣ್ಣು ಹಿಸುಕಿದ ಹಾಗೆ ಕಾಣುತ್ತಿದ್ದವು. ಎಡದಲ್ಲಿ ತಿಳಿ, ಬಲಕ್ಕೆ ಹೋದಂತೆ ಗಾಢ. "ಅಕ್ಕಾ, ಇದರಲ್ಲಿ ಕೋಶ ಹಾಕೇ ಇಲ್ವಲ್ಲಾ?" ಅಂದಳು.

ಆಗಿದ್ದು ಇಷ್ಟು. ಎಂಟಿಟಿ ಹಳದಿ ಪುಡಿ. ಬದುಕಿರುವ ಕೋಶ ಅದನ್ನು ಫಾರ್ಮಾಜಾನ್ ಅನ್ನುವ ನೇರಳೆ ಹರಳಾಗಿ ಮಾಡುತ್ತದೆ, ಆ ನೇರಳೆ ಎಷ್ಟಿದೆ ಅಂತ ಅಳೆದರೆ ಎಷ್ಟು ಕೋಶ ಬದುಕಿವೆ ಅಂತ ಅಂದಾಜು ಸಿಗುತ್ತದೆ. 1983ರಿಂದ ಎಲ್ಲರೂ ಬಳಸುತ್ತಾ ಬಂದಿರುವ ವಿಧಾನ ಇದು. ಆದರೆ ಎಲೆ ರಸದಲ್ಲಿರುವ ಪಾಲಿಫಿನಾಲ್‌ಗಳೂ ಅದೇ ಕೆಲಸ ಮಾಡಬಲ್ಲವು, ಕೋಶವೇ ಬೇಕಾಗಿಲ್ಲ. ನಮ್ಮ ಕಡೆ ಕಾಫಿ ಎಲೆ, ಕರಿಮೆಣಸು, ಕೊಡಗಿನ ಹುಳಿ ಕಾಚಂಪುಳಿ ಅಂತ ಕೈಗೆ ಸಿಕ್ಕಿದ್ದರಿಂದ ಕಣ ಮಾಡುವವರು ತುಂಬಾ ಜನ ಇರುವುದರಿಂದ ಇದನ್ನೇ ಮೊದಲು ಹೇಳುತ್ತಿದ್ದೇನೆ. ಕೋಶ ಇಲ್ಲದ ಪ್ಲೇಟ್ ಮೊದಲು, ಕೋಶ ಇರುವುದು ಆಮೇಲೆ.

ತಪ್ಪು ಎರಡೂ ಕಡೆ ಆಗಬಹುದು. ಇಂಗಾಲದ ನ್ಯಾನೋ ನಳಿಕೆಗಳು ಫಾರ್ಮಾಜಾನ್ ಹರಳನ್ನು ಅಂಟಿಸಿಕೊಂಡುಬಿಡುತ್ತವೆ. ಬಣ್ಣ ಕಡಿಮೆ ಬರುತ್ತದೆ, ಕೋಶ ಸತ್ತಿದೆ ಅಂದುಕೊಳ್ಳುತ್ತೇವೆ, ಸತ್ತಿರುವುದಿಲ್ಲ. ಇನ್ನೊಂದು ಕಡೆ ಎಲ್‌ಡಿಎಚ್ ಪರೀಕ್ಷೆ ಇದೆ. ಕೋಶ ಒಡೆದಾಗ ಹೊರಬರುವ ಕಿಣ್ವವನ್ನು ಅಳೆಯುವುದು ಅದರ ಕೆಲಸ. ಬೆಳ್ಳಿ, ತಾಮ್ರದ ಕಣಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಆಗ ಕೋಶ ಸಾಯುತ್ತಿದ್ದರೂ ಅಂಕಿ ಮಾತ್ರ ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಅದಕ್ಕೇ ಒಂದೇ ವಿಧಾನ ನಂಬಿ ಕೂರಬೇಡಿ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನೇ ವಿಧಾನ ಜೊತೆಗಿರಲಿ. ಬೇರೇನೂ ಇಲ್ಲದಿದ್ದರೆ ಟ್ರಿಪಾನ್ ಬ್ಲೂ ಅನ್ನುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಕೂತು ಎಣಿಸಿ, ಬೇಜಾರಿನ ಕೆಲಸ ಆದರೂ ಸತ್ತ ಕೋಶ ನೀಲಿಯಾಗಿ ಕಣ್ಣಿಗೇ ಕಾಣುತ್ತದೆ.

ಎಂಟಿಟಿ ಹಾಕುವ ಮುಂಚೆ ಕಣ ಇರುವ ಮೀಡಿಯಂ ತೆಗೆದು ಕೋಶಗಳನ್ನು ತೊಳೆದರೆ ತೊಂದರೆ ಸ್ವಲ್ಪ ತಗ್ಗುತ್ತದೆ. ಆದರೆ ಜೋರಾಗಿ ಪಿಪೆಟ್ ಒತ್ತಿದರೆ ಸಡಿಲವಾಗಿ ಹಿಡಿದುಕೊಂಡಿರುವ ಕೋಶಗಳೂ ಹೊರಟುಹೋಗುತ್ತವೆ, ಅದೂ ಸಾವಿನ ಲೆಕ್ಕಕ್ಕೆ ಸೇರುತ್ತದೆ. ವೆಲ್‌ನ ಗೋಡೆಗೆ ತುದಿ ತಾಗಿಸಿ ನಿಧಾನ ಬಿಡಿ. ಕೊನೆಯಲ್ಲಿ ಹರಳು ಕರಗಿಸಿದ ಮೇಲೆ ಪ್ಲೇಟನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಹೊಸ ಪ್ಲೇಟಿಗೆ ಹಾಕಿ 570 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಓದಿ. ತಳದಲ್ಲಿ ಉಳಿದ ಕಣ ಬೆಳಕಿಗೆ ಅಡ್ಡ ಬರುವುದಿಲ್ಲ.

ಈಗ ಕಣದ ವಿಷಯ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಉಪ್ಪಿನ ಡಬ್ಬಿಯೂ ನೀರು ಬಿಡುತ್ತದೆ, ಇನ್ನು ನ್ಯಾನೋ ಪುಡಿ ತೇವ ಎಳೆಯದೆ ಇರುತ್ತದೆಯೇ? ತೇವ ಎಳೆದುಕೊಂಡ ಪುಡಿ ತೂಗಿದರೆ ಡೋಸ್ ಶುರುವಿನಲ್ಲೇ ತಪ್ಪು. ಡೆಸಿಕೇಟರ್‌ ಅನ್ನುವ ತೇವ ಸೇರದ ಡಬ್ಬಿಯಲ್ಲಿಡಿ, ತೇವ ಹೀರುವ ಸಿಲಿಕಾ ಜೆಲ್ ಬಣ್ಣ ನೋಡಿ ಬದಲಿಸಿ, ತೂಗಿದ ದಿನ, ಬ್ಯಾಚು ಬರೆದಿಡಿ. ಒಣ ಪುಡಿಯನ್ನು ನೀರಿಗೆ ಹಾಕಿ ಕೈಯಲ್ಲಿ ಅಲ್ಲಾಡಿಸಿದರೆ ಸಾಲದು. ಯುರೋಪಿನ ನ್ಯಾನೋಜೆನೋಟಾಕ್ಸ್ ಯೋಜನೆಯವರ ಕ್ರಮ ಚೆನ್ನಾಗಿದೆ: ಪುಡಿಯನ್ನು ಮೊದಲು ಸ್ವಲ್ಪ ಎಥನಾಲ್‌ನಲ್ಲಿ ನೆನೆಸಿ, 0.05% ಅಲ್ಬುಮಿನ್ ಪ್ರೋಟೀನ್ ಇರುವ ನೀರಿನಲ್ಲಿ ಮಿಲಿಲೀಟರಿಗೆ 2.56 ಮಿಲಿಗ್ರಾಂ ಬರುವ ಹಾಗೆ ಮಾಡಿ, ಐಸ್ ಮೇಲಿಟ್ಟು 16 ನಿಮಿಷ ಪ್ರೋಬ್ ಸೋನಿಕೇಟರ್ (ಶಬ್ದದ ಅಲೆಯಿಂದ ಗಂಟು ಒಡೆಯುವ ಮೆಷಿನ್) ಓಡಿಸುವುದು. ಮೆಷಿನ್ನಿನ ಗುಂಡಿಯಲ್ಲಿ 40% ಅಂತ ಇಟ್ಟಿದ್ದೇವೆ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಯಾಕೆಂದರೆ ಒಂದು ಮೆಷಿನ್ನಿನ 40 ಇನ್ನೊಂದರ 40 ಅಲ್ಲ. ಗೊತ್ತಿರುವಷ್ಟು ನೀರಿಗೆ ಓಡಿಸಿ ಎಷ್ಟು ಬಿಸಿ ಏರಿತು ಅಂತ ನೋಡಿ ನಿಜವಾದ ಶಕ್ತಿ ಲೆಕ್ಕ ಹಾಕಿಕೊಳ್ಳಿ.

ಗಾತ್ರವನ್ನು ಬರೀ ನೀರಿನಲ್ಲಿ ಅಳೆದು ವರದಿಗೆ ಹಾಕುವವರು ಜಾಸ್ತಿ. ಕೋಶ ಇರುವುದು ಮೀಡಿಯಂನಲ್ಲಿ. ಅಲ್ಲಿನ ಉಪ್ಪಿಗೆ ಕಣಗಳು ಗಂಟು ಕಟ್ಟುತ್ತವೆ, ಸೀರಂನ ಪ್ರೋಟೀನ್ ಮೇಲೆ ಹೊದಿಕೆಯಂತೆ ಕೂರುತ್ತದೆ. ಅದೇ ಮೀಡಿಯಂನಲ್ಲಿ, ಹಾಕಿದ ಕೂಡಲೇ ಒಮ್ಮೆ, 24 ಗಂಟೆಯ ನಂತರ ಒಮ್ಮೆ ಅಳೆಯಿರಿ.

ಗಂಟಾದ ಕಣ ತಳಕ್ಕೆ ಇಳಿಯುತ್ತದೆ. ಸೋಸದೆ ಮಾಡಿದ ಬೆಲ್ಲದ ಕಾಫಿಯಲ್ಲಿ ಚರಟ ಲೋಟದ ತಳ ಸೇರುತ್ತದಲ್ಲ, ಹಾಗೆ. ಕೋಶಗಳೂ ತಳದಲ್ಲೇ ಇವೆ. ಹಾಗಾಗಿ ಮಿಲಿಲೀಟರಿಗೆ ಇಷ್ಟು ಅನ್ನುವ ಲೆಕ್ಕ ಅರ್ಧ ಮಾತ್ರ. 96 ವೆಲ್ ಪ್ಲೇಟಿನ ಒಂದು ವೆಲ್‌ನ ತಳ ಸುಮಾರು 0.32 ಚದರ ಸೆಂಟಿಮೀಟರ್. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇರುವ ದ್ರವ 100 ಮೈಕ್ರೋಲೀಟರ್ ಹಾಕಿದರೆ ಒಂದು ವೆಲ್‌ಗೆ 10 ಮೈಕ್ರೋಗ್ರಾಂ, ಪೂರ್ತಿ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 31. ಅದೇ ದ್ರವ 200 ಹಾಕಿದರೆ 62. ಪೇಪರಿನಲ್ಲಿ ಎರಡೂ "100" ಅಂತಲೇ ಇರುತ್ತದೆ! ಎರಡೂ ಲೆಕ್ಕ ಬರೆಯಿರಿ.

ಎಂಡೋಟಾಕ್ಸಿನ್ ಮರೆಯಬೇಡಿ. ಇದು ಬ್ಯಾಕ್ಟೀರಿಯಾದ ಹೊರಪದರದ ಚೂರು. ನೀರಿನ ಕ್ಯಾನಿನಿಂದ, ಎಲೆಯಿಂದ, ಬೀಕರಿನಿಂದ ಬರುತ್ತದೆ, ಕಣಕ್ಕೆ ಅಂಟಿಕೊಳ್ಳುತ್ತದೆ, ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ. ನೀವು ಕಣವೇ ಉರಿಯೂತ ತಂತು ಅಂತ ಬರೆದುಬಿಡುತ್ತೀರಿ. ಆಟೋಕ್ಲೇವ್‌ಗೆ ಇದು ಜಗ್ಗುವುದಿಲ್ಲ, 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳುತ್ತದೆ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ 30 ನಿಮಿಷ ಇಡಿ. ಎಲ್‌ಎಎಲ್ ಅನ್ನುವ ಎಂಡೋಟಾಕ್ಸಿನ್ ಪರೀಕ್ಷೆ ಮಾಡುವಾಗ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಬೇಕಂತಲೇ ಸೇರಿಸಿ, ಅದು 50ರಿಂದ 200%ರ ಒಳಗೆ ವಾಪಸ್ ಕಾಣದಿದ್ದರೆ ನಿಮ್ಮ ಕಣ ಆ ಪರೀಕ್ಷೆಗೂ ಅಡ್ಡ ಬರುತ್ತಿದೆ ಅಂತ ತಿಳಿಯಿರಿ.

ಕೋಶಗಳನ್ನು ಪಕ್ಕದ ಲ್ಯಾಬಿನವರ ಹತ್ತಿರ ಸುಮ್ನೆ ಇಸ್ಕೊಂಡು ಬರಬೇಡಿ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಕೋಶ ಭಂಡಾರದಿಂದ ತರಿಸಿ, ಎಷ್ಟನೇ ಪ್ಯಾಸೇಜ್ (ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿದ್ದು) ಅಂತ ಬರೆಯಿರಿ, ಕೋಶಗಳಲ್ಲಿ ಕಾಣದಂತೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಆಗಾಗ ಮಾಡಿ. ಇನ್‌ಕ್ಯುಬೇಟರ್‌ಗೆ ಯುಪಿಎಸ್ ಬೇಕೇ ಬೇಕು. ಮರ ಬಿದ್ದು ಕರೆಂಟ್ ಹೋದ ದಿನದ ಪ್ಲೇಟನ್ನು ಉಳಿದವುಗಳ ಜೊತೆ ಸೇರಿಸಬೇಡಿ.

ಪ್ಲೇಟಿನ ಅಂಚಿನ ವೆಲ್‌ಗಳು ಬೇಗ ಆರುತ್ತವೆ. ಸುತ್ತಲಿನ 36 ಬಿಟ್ಟು ಒಳಗಿನ 60 ಮಾತ್ರ ಬಳಸಿ, ಅಂಚಿಗೆ ಬಫರ್ ತುಂಬಿ. ಕೋಶ ಹಾಕಿದ ಮೇಲೆ ಅರ್ಧ ಗಂಟೆ ಹೊರಗೇ ಇಟ್ಟು ಆಮೇಲೆ ಇನ್‌ಕ್ಯುಬೇಟರ್‌ಗೆ ಸೇರಿಸಿದರೆ ಸಮನಾಗಿ ಕೂರುತ್ತವೆ.

ಕಂಟ್ರೋಲ್‌ಗಳಲ್ಲಿ, ಅಂದರೆ ಹೋಲಿಸಿ ನೋಡಲು ಇಡುವ ವೆಲ್‌ಗಳಲ್ಲಿ, ಜಿಪುಣತನ ಬೇಡ. ಕೋಶ ಮಾತ್ರ, ಕಣ ಮಾತ್ರ, ಎಲೆ ರಸ ಮಾತ್ರ. ಬೆಳ್ಳಿಯಾದರೆ ಕಣವನ್ನು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ ಮೇಲಿನ ತಿಳಿಯನ್ನೂ ಹಾಕಿ ನೋಡಿ, ಯಾಕೆಂದರೆ ಕೊಲ್ಲುತ್ತಿರುವುದು ಕಣವೋ ಕರಗಿದ ಬೆಳ್ಳಿಯ ಅಯಾನೋ ಅಂತ ಗೊತ್ತಾಗುವುದು ಅದರಿಂದಲೇ. ಖಂಡಿತ ಕೊಲ್ಲುವ ಒಂದು ಕಣವೂ ಇರಲಿ, ಅಮೈನ್ ಲೇಪದ ಪಾಲಿಸ್ಟೈರೀನ್ ಇದಕ್ಕೆ ರೂಢಿಯಲ್ಲಿದೆ. ಅದೂ ಕೊಲ್ಲದ ದಿನ ನಿಮ್ಮ ಪರೀಕ್ಷೆಯಲ್ಲೇ ಏನೋ ಕೆಟ್ಟಿದೆ. ಮತ್ತೆ, ಒಂದೇ ಪ್ಲೇಟಿನ ಮೂರು ವೆಲ್ ಮೂರು ಪ್ರಯೋಗ ಅಲ್ಲ. ಬೇರೆ ಬೇರೆ ದಿನ, ಹೊಸದಾಗಿ ಮಾಡಿದ ದ್ರವದಲ್ಲಿ, ಮೂರು ಸಲ.

ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದು ಮಳೆ ಅಳೆದು ಇಂಚು, ಸೆಂಟ್ ಬರೆದಿಡುವುದು ನಮ್ಮಲ್ಲಿ ರೂಢಿ. ಮಾಪಕ ಸಿಲ್ವರ್ ಓಕ್ ಮರದ ಕೆಳಗಿದ್ದರೆ ಆ ಮನೆಯ ಲೆಕ್ಕ ಪಕ್ಕದ ಮನೆಗೆ ತಾಳೆಯಾಗುವುದಿಲ್ಲ. ಲ್ಯಾಬುಗಳದ್ದೂ ಅದೇ ಕಥೆ. ಬೇರೆ ಬೇರೆ ದೇಶದ ಐದು ಲ್ಯಾಬುಗಳು ಒಂದೇ ಕ್ರಮದಲ್ಲಿ, ಒಂದೇ ಹೆಸರಿನ ಎ549 ಅನ್ನುವ ಶ್ವಾಸಕೋಶದ ಕೋಶಗಳ ಮೇಲೆ ಪಾಲಿಸ್ಟೈರೀನ್ ಕಣ ಹಾಕಿ ತಾಳೆ ನೋಡಿದ್ದು 2017ರಲ್ಲಿ ಪ್ರಕಟವಾಯಿತು. ವ್ಯತ್ಯಾಸ ತಂದಿದ್ದರಲ್ಲಿ ಕೋಶ ಎಲ್ಲಿಂದ ಬಂತು, ತೊಳೆಯುವ ಕೈ ಹೇಗಿತ್ತು ಅನ್ನುವುದೂ ಇತ್ತು. ಇಂಥ ಪರೀಕ್ಷೆಗೆ ಐಎಸ್‌ಒ 19007 ಅನ್ನುವ ಮಾನದಂಡ 2018ರಿಂದ ಇದೆ, ಅದನ್ನು ಓದಿಯೇ ಪ್ಲೇಟ್ ಜೋಡಿಸಿ.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ, ನ್ಯಾನೋ ಗೊಬ್ಬರ ಈಗಾಗಲೇ ಮಾರುಕಟ್ಟೆಯಲ್ಲಿದೆ. ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿಯನ್ನೂ ತಂದಿದೆ. ಸ್ಪ್ರೇ ಕ್ಯಾನ್ ಬೆನ್ನಿಗೇರಿಸಿಕೊಂಡು ತೋಟಕ್ಕೆ ಇಳಿಯುವವರು ನಮ್ಮ ಮನೆಯ ಆಳುಕಾಳುಗಳೇ. ಅವರು ಉಸಿರಾಡುವುದು ಸುರಕ್ಷಿತ ಅಂತ ನಾವು ಬರೆಯುವ ಮುಂಚೆ ಆ ಅಂಕಿ ಗಟ್ಟಿ ಇರಬೇಕು.

ನಮ್ಮ ಹುಡುಗಿ ಕಣ ತೊಳೆದು, ಎಲೆ ರಸ ತೆಗೆದು, ಮೊದಲಿನಿಂದ ಮಾಡಿದಳು. ಮೇಲೇರುತ್ತಿದ್ದ ಗೆರೆ ಈ ಸಲ ಕೆಳಗಿಳಿಯಿತು, ಟ್ರಿಪಾನ್ ಬ್ಲೂ ಎಣಿಕೆಯೂ ಅದನ್ನೇ ಹೇಳಿತು. ಎರಡು ಸುತ್ತು ಮುಗಿದಿವೆ. ಮೂರನೆಯದು ಕರೆಂಟ್ ಹೋದ ರಾತ್ರಿಯದ್ದು ಅಂತ ಅವಳೇ ಬೇಡ ಅಂದು, ಹೊಸ ಕೋಶ ಬೆಳೆಸಲು ಹಾಕಿದ್ದಾಳೆ.