ಶಿಲ್ಕು ಒಪ್ಪಿಸದೆ ಮನೆಗೆ ಹೋಗುವುದಿಲ್ಲ

ಗಂಗಾವತಿಯಲ್ಲಿ ಹನ್ನೊಂದು ವರ್ಷದಿಂದ ತೆರಿಗೆ ಲೆಕ್ಕದ ಕೆಲಸ ಮಾಡುತ್ತಿದ್ದೇನೆ. ಅಕ್ಕಿ ಗಿರಣಿಯವರು, ಅಡತಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ನನ್ನ ಗಿರಾಕಿಗಳು. ತಿಂಗಳ 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಮಾರಾಟದ ವಿವರ ಜಿಎಸ್‌ಟಿಆರ್-1 ಹೋಗಬೇಕು, 20ಕ್ಕೆ ತೆರಿಗೆ ಲೆಕ್ಕದ 3ಬಿ. ಜಿಎಸ್‌ಟಿಯವು ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವ್ಯವಹಾರವೇ ಇಲ್ಲದವರಿಗೂ ದಿನಕ್ಕೆ 20. ಗಿರಾಕಿಗಳ ತಾರೀಖು ನನ್ನ ಕೈಯಲ್ಲಿ ತಪ್ಪಿದ್ದು ಬಹಳ ಕಡಿಮೆ.

ನನ್ನ ಸ್ವಂತ ಕೆಲಸಗಳ ಪಟ್ಟಿ ಮಾತ್ರ ಹಾಗಿರಲಿಲ್ಲ. ಅವ್ವನ ಬಿಪಿ ತಪಾಸಣೆ, ಆಫೀಸಿನ ಇನ್ವರ್ಟರ್ ಬ್ಯಾಟರಿ, ಮಗಳಿಗೆ ಐದು ತುಂಬಿದ ಮೇಲೆ ಮಾಡಿಸಬೇಕಾದ ಆಧಾರ್ ಬೆರಳಚ್ಚು, ಎಲ್ಲವೂ ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ಹೋಗುತ್ತಿದ್ದವು. ಎಲ್ಲದರ ಮೇಲೆ ಒಂದು ಸಾಲು: ‘ಹೊಲದ ಖಾತೆ ಬದಲಾವಣೆ’. ಅದು ಹದಿನಾಲ್ಕು ತಿಂಗಳು ಪಟ್ಟಿಯ ತುದಿಯಲ್ಲೇ ಕೂತಿತ್ತು.

ಮೊದಲು ಫೋನಿನಲ್ಲಿ ಆ್ಯಪ್ ಹಾಕಿಕೊಂಡೆ. ಗಂಟೆ ಹೊಡೆದಾಗಲೆಲ್ಲ ಯಾರಾದರೂ ಗಿರಾಕಿ ಎದುರಿಗೆ ಕೂತಿರುತ್ತಿದ್ದರು, ಒಂದು ತಾಸು ಮುಂದಕ್ಕೆ ಹಾಕುತ್ತಿದ್ದೆ. ಆಮೇಲೆ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ‘ಈ ತಿಂಗಳು ಇಷ್ಟು ಕೆಲಸ ಮುಗಿಸುತ್ತೇನೆ’ ಎಂದು ಹಾಕಿದೆ. ಹೆಬ್ಬೆರಳುಗಳು ಬಂದವು, ಮನಸ್ಸಿಗೆ ಹಿತವಾಯಿತು, ಕೆಲಸ ಅಲ್ಲೇ ಉಳಿಯಿತು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದಾರೆ ಎಂದು ಆಮೇಲೆ ಓದಿದೆ. ‘ನಾನು ಇಂಥವನಾಗಬೇಕು’ ಎಂಬ ಸಂಕಲ್ಪವನ್ನು ಇನ್ನೊಬ್ಬರು ಕೇಳಿ ಗುರುತಿಸಿದರೆ, ಆಗಲೇ ಅರ್ಧ ಹಾಗಾದಂತೆ ಅನಿಸಿ, ಮುಂದಿನ ಶ್ರಮ ಕಡಿಮೆಯಾಗಬಹುದು. ವಿಳಂಬ ಶುಲ್ಕದ ಲೆಕ್ಕದಲ್ಲೇ ಬಾಕಿ ಉಳಿದ ಪ್ರತಿ ಕೆಲಸಕ್ಕೂ ದಿನಕ್ಕೆ 50 ರೂಪಾಯಿ ಒಂದು ಡಬ್ಬಿಗೆ ಹಾಕಿಯೂ ನೋಡಿದೆ. ಎರಡು ವಾರದಲ್ಲಿ ಡಬ್ಬಿ ತುಂಬಿತು. ಹಣ ಹಾಕಿದ ತಕ್ಷಣ ಋಣ ತೀರಿದ ಹಾಗಾಗಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಅಷ್ಟೇ.

ದಾರಿ ಸಿಕ್ಕಿದ್ದು ಅಪ್ಪನ ಪೆಟ್ಟಿಗೆಯಲ್ಲಿ. ಅಪ್ಪ ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ, ಬರೆಯುತ್ತಿದ್ದರು. ಪ್ರತಿದಿನದ ಪುಟ ಶುರುವಾಗುವುದು ನಿನ್ನೆಯ ಶಿಲ್ಕಿನಿಂದ, ಅಂದರೆ ಕೈಯಲ್ಲಿ ಉಳಿದ ದುಡ್ಡಿನಿಂದ, ಮುಗಿಯುವುದು ಇವತ್ತಿನ ಆಖೈರು (ಕೊನೆಯ) ಶಿಲ್ಕಿನಿಂದ. ಸಂಜೆ ಪೆಟ್ಟಿಗೆಯ ದುಡ್ಡು ಎಣಿಸಿ, ಸಾಹುಕಾರರ ಮುಂದೆ ಪುಸ್ತಕ ತೆರೆದಿಟ್ಟು, ಅವರು ಕೆಳಗೆ ಒಂದು ಗೆರೆ ಎಳೆದ ಮೇಲೇ ಅಪ್ಪ ಸೈಕಲ್ ಹತ್ತುತ್ತಿದ್ದರು. ಸುಗ್ಗಿಯಲ್ಲಿ ಅದು ರಾತ್ರಿ ಹತ್ತಾದರೂ ಸರಿ. ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋಗಿ ಆ ಗೆರೆ ಬೀಳುವುದನ್ನು ನೋಡುತ್ತ ಕೂತಿದ್ದೇನೆ.

ವಾಟ್ಸಾಪ್ ಗುಂಪಿಗೂ ಸಾಹುಕಾರರ ಆ ಗೆರೆಗೂ ಇರುವ ವ್ಯತ್ಯಾಸ ಆಗ ಹೊಳೆಯಿತು. ಗುಂಪಿನಲ್ಲಿ ನಾನು ಮಾಡುವ ಮುಂಚೆ ಹೇಳಿಕೊಂಡಿದ್ದೆ. ಅಪ್ಪ ಮಾಡಿದ ಮೇಲೆ ಲೆಕ್ಕ ಒಪ್ಪಿಸುತ್ತಿದ್ದರು, ದಿನಾ, ಒಂದೇ ಹೊತ್ತಿಗೆ, ಒಬ್ಬರೇ ಮನುಷ್ಯರ ಮುಂದೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಕೆಲಸದ ಕಿರ್ದಿ ಶುರು ಮಾಡಿದೆ. ಪುಟದ ಮೇಲೆ ನಿನ್ನೆಯ ಬಾಕಿ, ಅದರ ಕೆಳಗೆ ಇವತ್ತಿನದು, ಎಲ್ಲ ಸೇರಿ ಐದು ಸಾಲು ದಾಟುವಂತಿಲ್ಲ. ಬಾಕಿ ಬಂದ ಸಾಲಿನ ಪಕ್ಕದಲ್ಲಿ ಅದು ಎಷ್ಟನೆಯ ದಿನ ಎಂದು ಅಂಕಿ. ಈ ಅಂಕಿಯೇ ದೊಡ್ಡ ಕೆಲಸ ಮಾಡಿತು. ಚೀಟಿಯಿಂದ ಚೀಟಿಗೆ ಬರೆದುಕೊಳ್ಳುವಾಗ ಪ್ರತಿ ಸಾಲೂ ಹೊಸದರಂತೆ ಕಾಣುತ್ತದೆ, ವಯಸ್ಸು ಗೊತ್ತಾಗುವುದಿಲ್ಲ. ‘ಇನ್ವರ್ಟರ್ ಬ್ಯಾಟರಿ – 6’ ಎಂದು ನನ್ನ ಕೈಯಿಂದಲೇ ಬರೆದ ದಿನ ಮಧ್ಯಾಹ್ನ ಊಟ ಬಿಟ್ಟು ಹೋಗಿ ತಂದೆ.

ಗೆರೆ ಎಳೆಯುವವರು ಬೇಕಿತ್ತು. ಹೆಂಡತಿಯನ್ನು ಕೇಳಲಿಲ್ಲ, ಮನೆಯೊಳಗೆ ಅದು ಜಗಳದ ಬೀಜವಾಗುತ್ತದೆ. ಆಫೀಸಿನ ಹುಡುಗ ನನ್ನ ಮುಖ ನೋಡಿ ಹೂಂ ಅನ್ನುತ್ತಾನೆ. ಎದುರು ಮಳಿಗೆಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಇದ್ದಾರೆ, ನನಗಿಂತ ಹತ್ತು ವರ್ಷ ದೊಡ್ಡವರು. ಮದುವೆ ಸೀಜನ್‌ನಲ್ಲಿ ಹೇಳಿದ ದಿನಕ್ಕೆ ಬಟ್ಟೆ ಕೊಡುವುದರಲ್ಲಿ ಅವರದು ಒಂದೇ ಮಾತು. ಸಂಜೆ ಆರೂವರೆಗೆ ಇಬ್ಬರಿಗೂ ಒಂದೇ ಅಂಗಡಿಯಿಂದ ಚಹಾ ಬರುತ್ತದೆ. ಕೇಳಿದೆ. “ಬರೇ ನಿಂದ ನೋಡೂದಾದ್ರ ನಾ ಒಲ್ಲೆ ತಮ್ಮಾ. ನಂದೂ ನೀ ನೋಡ್ಬೇಕು” ಅಂದರು. ಅದೇ ಸರಿಯಾಯಿತು. ಒಬ್ಬರೇ ಕೇಳುತ್ತಿದ್ದರೆ ಅದು ಮೇಷ್ಟ್ರು-ಹುಡುಗನ ಸಂಬಂಧವಾಗಿ ಬೇಗ ಬೇಸರ ಬರುತ್ತಿತ್ತು.

ಚಹಾ ಆರುವಷ್ಟು ಹೊತ್ತು, ಅಷ್ಟೇ. ಮುಗಿದ ಸಾಲಿಗೆ ಅಕ್ಕ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಒಂದು ಗೀರು ಎಳೆಯುತ್ತಾರೆ. ಮುಗಿಯದಿದ್ದರೆ ಬೈಯುವುದಿಲ್ಲ. “ಏನು ಅಡ್ಡ ಬಂತು?” ಎಂದು ಒಂದೇ ಪ್ರಶ್ನೆ. ‘ಯಾಕ ಮಾಡ್ಲಿಲ್ಲ’ ಅಂದರೆ ನೆಪ ಹೇಳುತ್ತೇವೆ, ‘ಏನು ಅಡ್ಡ ಬಂತು’ ಅಂದರೆ ಹುಡುಕುತ್ತೇವೆ. ಈ ಮಾತನ್ನು ನಾವು ಕೂತು ತೀರ್ಮಾನಿಸಿದ್ದಲ್ಲ, ಅವರ ಬಾಯಲ್ಲಿ ತಾನಾಗಿ ಬಂದದ್ದು, ಹಾಗೇ ಉಳಿಯಿತು.

ಮೂರನೆಯ ದಿನವೂ ಬಾಕಿ ಬಂದ ಸಾಲನ್ನು ನಾಲ್ಕನೆಯ ದಿನ ಅದೇ ರೂಪದಲ್ಲಿ ಬರೆಯಬಾರದು ಎಂದು ಮಾತ್ರ ಆಮೇಲೆ ಗಟ್ಟಿ ಮಾಡಿಕೊಂಡೆವು. ಒಡೆದು ಚಿಕ್ಕದು ಮಾಡಬೇಕು, ಇಲ್ಲವೇ ಬೇರೆಯವರಿಗೆ ಒಪ್ಪಿಸಬೇಕು, ಇಲ್ಲವೇ ವಸೂಲಾಗದ ಸಾಲದಂತೆ ವಜಾ ಹಾಕಬೇಕು. ವಜಾ ಹಾಕುವುದಕ್ಕೆ ಮೊದಮೊದಲು ಕೈ ನಡುಗುತ್ತಿತ್ತು. ‘ಇಂಗ್ಲಿಷ್ ಕೋರ್ಸ್ ಸೇರುವುದು’ ಎಂಬ ಸಾಲಿಗೆ ವಜಾ ಎಂದು ಬರೆದ ದಿನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಕ್ಕನ ಪುಟದಲ್ಲಿ ‘ಕಣ್ಣು ತೋರಿಸುವುದು’ ಹೀಗೇ ಬಂದು ನಿಂತಿತ್ತು. ಏನು ಅಡ್ಡ ಎಂದು ಕೇಳಿದೆ. ಹೊಸ ಕನ್ನಡಕ ಬಂದರೆ ಕೈ ಹೋಯಿತು ಅಂತ ಗಿರಾಕಿಗಳು ತಿಳಿದಾರು ಎಂಬ ಹೆದರಿಕೆ. ಮರುದಿನದ ಸಾಲನ್ನು ‘ಬೆಳಿಗ್ಗೆ 9ಕ್ಕೆ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು’ ಎಂದು ಬದಲಿಸಿದೆವು. ಹೊತ್ತು, ಜಾಗ, ಮೊದಲ ಹೆಜ್ಜೆ ಮೂರೂ ಇದ್ದರೆ ಸಾಲು ಕಾಲು ಬಂದಂತೆ ನಡೆಯುತ್ತದೆ. ಇದರಿಂದ ರಾತ್ರಿ ತಲೆಯೂ ಹಗುರವಾಯಿತು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುವುದು ನಿಲ್ಲಲು ಅದು ಮುಗಿಯಲೇಬೇಕೆಂದಿಲ್ಲ, ಖಚಿತವಾದ ಯೋಜನೆ ಹಾಕಿದರೂ ಸಾಕು ಎಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ನನ್ನ ಮಟ್ಟಿಗೆ ಅದು ನಿಜ.

‘ಹೊಲದ ಖಾತೆ ಬದಲಾವಣೆ’ಗೆ ಬರುತ್ತೇನೆ. ಅದನ್ನೂ ಒಡೆದೆವು: ಅಪ್ಪನ ಮರಣ ಪ್ರಮಾಣಪತ್ರದ ಪ್ರತಿ, ವಂಶವೃಕ್ಷಕ್ಕೆ ಅಫಿಡವಿಟ್, ತಂಗಿಯ ಆಧಾರ್ ಪ್ರತಿ, ನಾಡಕಚೇರಿಯಲ್ಲಿ ಅರ್ಜಿ. ಗಿರಾಕಿಗಳಿಗೆ ಇಂಥ ಕಾಗದ ನೂರು ಸಲ ಜೋಡಿಸಿ ಕೊಟ್ಟವನು ನಾನು. ಆದರೂ ಮೊದಲ ಸಾಲೇ ಮೂರು ದಿನ ದಾಟಿತು. ಅಕ್ಕ ಚಹಾ ಲೋಟ ಕೆಳಗಿಟ್ಟರು. “ಇದು ಕೆಲಸದ ಅಡ್ಡಿ ಅಲ್ಲ ಬಿಡು. ಏನೈತಿ ಹೇಳು.”

ಹೇಳಿದೆ. ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಅಪ್ಪನ ಹೆಸರಿದೆ. ಪ್ರತಿ ವರ್ಷ ಪಹಣಿ ತೆಗೆಸುವಾಗ ಆ ಹೆಸರು ಅಚ್ಚಾಗಿ ಬರುತ್ತದೆ. ಸರ್ಕಾರದ ಒಂದು ಕಾಗದದಲ್ಲಾದರೂ ಅವರು ಇನ್ನೂ ಇದ್ದಾರೆ, ಅದನ್ನು ನನ್ನ ಕೈಯಾರೆ ತೆಗೆಸಬೇಕು. ಹದಿನಾಲ್ಕು ತಿಂಗಳು ನಾನು ಇದನ್ನು ಸೋಮಾರಿತನ ಅಂದುಕೊಂಡು ನನ್ನನ್ನೇ ಹಳಿದುಕೊಂಡಿದ್ದೆ. ಬಹಳ ಜನರ ಪಟ್ಟಿಯಲ್ಲಿ ಬಹಳ ದಿನ ಕೂತ ಸಾಲುಗಳ ಹಿಂದೆ ಇಂಥದ್ದೇ ಏನೋ ಇರುತ್ತದೆ ಎಂದು ಈಗ ನಂಬಿದ್ದೇನೆ. ಅಲಾರಾಂ, ದಂಡ ಯಾವುದೂ ಅದನ್ನು ಮುಟ್ಟುವುದಿಲ್ಲ.

ಅಕ್ಕ ಸಮಾಧಾನ ಹೇಳಲು ಹೋಗಲಿಲ್ಲ. ಮರುದಿನ ಶಟರ್ ಎತ್ತುವ ಮುಂಚೆ ಆ ಪ್ರಮಾಣಪತ್ರಕ್ಕಾಗಿ ನನ್ನ ಜೊತೆ ನಗರಸಭೆಗೆ ಬಂದು ಬಾಗಿಲ ಹೊರಗೆ ನಿಂತರು. ಉಳಿದ ಸಾಲುಗಳು ಒಂದು ವಾರದಲ್ಲಿ ಮುಗಿದವು.

ನಡುವೆ ಒಂದು ಸಲ ಈ ಪದ್ಧತಿ ಪೂರ್ತಿ ನಿಂತೂ ಹೋಗಿತ್ತು. ಡಿಸೆಂಬರ್‌ನಲ್ಲಿ ಭತ್ತ ಮಾರುಕಟ್ಟೆಗೆ ಬಂದು ಗಿರಣಿಗಳ ಲೆಕ್ಕ ಏರಿದಾಗ ಮೂರು ವಾರ ಪುಸ್ತಕ ಮುಟ್ಟಲಿಲ್ಲ, ಅಕ್ಕನಿಗೂ ಮದುವೆ ಬಟ್ಟೆಗಳ ರಾಶಿ. ತಿರುಗಿ ಶುರು ಮಾಡುವಾಗ ಬಿಟ್ಟ ದಿನಗಳನ್ನು ತುಂಬಲು ಹೋಗಲಿಲ್ಲ. ಆ ದಿನದ ತಾರೀಖು ಹಾಕಿ, ಎರಡೇ ಸಾಲು ಬರೆದೆವು. ಈಗ 10, 11, 19, 20ರಂದು ನನ್ನ ಪುಟದಲ್ಲಿ ಎರಡು ಸಾಲಿಗಿಂತ ಹೆಚ್ಚು ಇರುವುದಿಲ್ಲ. ಸ್ವಂತದ ಕೆಲಸ ಯಾವುದಿದ್ದರೂ ಬೆಳಿಗ್ಗೆ ಹತ್ತರೊಳಗೆ, ಗಿರಾಕಿಗಳ ಫೋನ್ ಶುರುವಾಗುವ ಮುಂಚೆ.

ಯಾರದಾದರೂ ತಕರಾರು ಇದ್ದರೆ ಹೇಳಲು ಕೊಡುವ ಅವಧಿ ಮುಗಿದು ಖಾತೆ ಆದ ಮೇಲೆ ಹೊಸ ಪಹಣಿ ತೆಗೆಸಿ ಸಂಜೆ ಚಹಾಕ್ಕೆ ಹೋದೆ. ಅಕ್ಕ ಹೊಸ ಕನ್ನಡಕ ಏರಿಸಿ 9ನೇ ಕಾಲಂ ಓದಿದರು: ಅವ್ವನ ಹೆಸರು, ನನ್ನದು, ತಂಗಿಯದು. ಮೂರಕ್ಕೂ ಹಿಂದೆ ಅಪ್ಪನ ಹೆಸರು ಇತ್ತು, ಅವ್ವನಿಗೆ ಗಂಡನಾಗಿ, ನಮಗಿಬ್ಬರಿಗೆ ತಂದೆಯಾಗಿ. “ಎಲ್ಲಿ ಹೋಗ್ಯಾರ? ಮೂರು ಸಲ ಬಂದಾರ ನೋಡು” ಅಂದು, ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಚಾಕ್‌ಪೀಸಿನ ಗೀರು ಎಳೆದರು. ಅವತ್ತಿನ ಪುಟದಲ್ಲಿ ಮಗಳ ಆಧಾರ್ ಇನ್ನೂ ಬಾಕಿ ಇತ್ತು, ಎರಡನೆಯ ದಿನ. ಅದನ್ನು ನಾಳೆಯ ಪುಟಕ್ಕೆ ತೆಗೆದುಕೊಂಡೆ.