ವಾದ್ಯ ಬಿಟ್ಟ ಮೇಲೆ ನಶೀದ್ ಕೈಹಿಡಿದ ಬಗೆ: ನನ್ನ ಅನುಭವ

ನಾನು ಪಾಪ್ ವೇದಿಕೆಯಿಂದ ಇಳಿದು ಏಳು ವರ್ಷಗಳ ಮೇಲಾಯಿತು. ಇಳಿಯುವಾಗ ನನ್ನ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದವರೂ ಮಿಕ್ಸಿಂಗ್ ಮಾಡುತ್ತಿದ್ದ ಗೆಳೆಯರೂ ಹೇಳಿದ್ದು ಒಂದೇ ಮಾತು: ಗಿಟಾರ್, ಕೀಬೋರ್ಡ್, ಡ್ರಮ್ ಯಾವುದೂ ಇಲ್ಲದ ಬರಿಯ ಕಂಠದ ನಶೀದನ್ನು, ಅಂದರೆ ಇಸ್ಲಾಮೀ ಭಕ್ತಿಗೀತೆಯನ್ನು, ನಾಲ್ಕು ನಿಮಿಷ ಕೂತು ಕೇಳುವವರಿಲ್ಲ, ಅದರಿಂದ ಮನೆ ನಡೆಯುವುದಂತೂ ಸಾಧ್ಯವೇ ಇಲ್ಲ. ಈಗ ನಾಲ್ಕನೆಯ ಸಂಕಲನ ಹೊರಬಂದಿದೆ, ಸಾಲ ತೀರಿದೆ, ಅಂದು ಅನುಮಾನಿಸಿದವರಲ್ಲಿ ಇಬ್ಬರು ನನ್ನ ಧ್ವನಿಮುದ್ರಣದ ಕ್ರಮವನ್ನು ಕೇಳಿ ತಿಳಿದುಕೊಂಡು ಹೋಗಿದ್ದಾರೆ.

ಇಸ್ಲಾಮಿನಲ್ಲಿ ವಾದ್ಯ ಸಲ್ಲುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ಇಳಿಯುವುದಿಲ್ಲ, ವಿದ್ವಾಂಸರಲ್ಲಿಯೇ ಭಿನ್ನ ಅಭಿಪ್ರಾಯಗಳಿವೆ. 1977ರಲ್ಲಿ ಇಸ್ಲಾಂ ಸ್ವೀಕರಿಸಿ ಪಾಪ್ ಲೋಕದಿಂದ ಹೊರಬಂದ ಬ್ರಿಟನ್ನಿನ ಗಾಯಕ ಯೂಸುಫ್ ಇಸ್ಲಾಂ (ಹಿಂದಿನ ಕ್ಯಾಟ್ ಸ್ಟೀವನ್ಸ್) 2006ರಲ್ಲಿ ಮತ್ತೆ ಗಿಟಾರಿನೊಂದಿಗೆ ಸಂಕಲನ ತಂದರು. ಮಲೇಷ್ಯಾದ ರೈಹಾನ್ ತಂಡ ಕಂಠದ ಜೊತೆಗೆ ತಾಳವಾದ್ಯಗಳನ್ನು ಇಟ್ಟುಕೊಂಡು ಹೆಸರು ಮಾಡಿತು. ಪಾಕಿಸ್ತಾನದ ಜುನೈದ್ ಜಮ್ಶೇದ್ ಪಾಪ್ ಬಿಟ್ಟ ಮೇಲೆ ವಾದ್ಯವಿಲ್ಲದ ನಾತ್‌ಗಳನ್ನೇ (ಪ್ರವಾದಿಯವರ ಸ್ತುತಿಗೀತೆಗಳನ್ನೇ) ಹಾಡಿದರು. ನನ್ನ ಮನಸ್ಸು ಒಪ್ಪಿದ್ದು ಮೂರನೆಯ ದಾರಿಯನ್ನು.

ಕೀರ್ತಿಗಿಂತ ಕರಾರನ್ನು ಬಿಡುವುದು ಕಷ್ಟ. ಕಂಪನಿಗೆ ನಾನು ಇನ್ನೂ ಎರಡು ಸಂಕಲನಗಳನ್ನು ಕೊಡಬೇಕಿತ್ತು, ಮುಂಗಡ ಹಣ ಆಗಲೇ ಖರ್ಚಾಗಿತ್ತು. ಒಂದು ಮೈಕನ್ನು ಉಳಿಸಿಕೊಂಡು ಸ್ಟುಡಿಯೊದ ಉಳಿದೆಲ್ಲವನ್ನೂ ಮಾರಿದಾಗ ಆ ಮುಂಗಡದ ಮುಕ್ಕಾಲು ಪಾಲು ಹುಟ್ಟಿತು, ಮಿಕ್ಕದ್ದಕ್ಕೆ ಸಾಲ ಮಾಡಿದೆ. ಹಳೆಯ ಹಾಡುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕೆಂದು ಬಹಳ ಪ್ರಯತ್ನಪಟ್ಟರೂ ಮುದ್ರಣದ ಹಕ್ಕು ನನ್ನದಲ್ಲವಾದ್ದರಿಂದ ಅದು ಆಗಲಿಲ್ಲ. ಅವುಗಳಿಂದ ಬರುವ ರಾಯಧನವನ್ನು ಮನೆಖರ್ಚಿಗೆ ಮುಟ್ಟದೆ ದಾನಕ್ಕೆ ಕಳುಹಿಸುತ್ತೇನೆ. ಮೊದಲ ವರ್ಷದ ಒಟ್ಟು ವರಮಾನ ಹಿಂದಿನ ಎರಡೋ ಮೂರೋ ವೇದಿಕೆಗಳ ಸಂಭಾವನೆಯಷ್ಟಿತ್ತು.

ಮೊದಲನೆಯ ಸಂಕಲನ ಸೋತದ್ದು ನನ್ನ ತಪ್ಪಿನಿಂದಲೇ. ಜನರನ್ನು ಕರೆಸಲು ಹಣವಿಲ್ಲದೆ, ಸುಮಾರು ನಲವತ್ತು ಟ್ರ್ಯಾಕ್‌ಗಳಲ್ಲಿ ನನ್ನ ಧ್ವನಿಯನ್ನೇ ಒಂದರ ಮೇಲೊಂದು ಪೇರಿಸಿ, ಒಂದು ಪದರವನ್ನು ಒಂದು ಸ್ಥಾಯಿ ಕೆಳಗಿಳಿಸಿ ಬೇಸ್ ಮಾಡಿ, ಎಲ್ಲಕ್ಕೂ ಶ್ರುತಿ ತಿದ್ದುವ ತಂತ್ರಾಂಶ ಹಾಕಿದೆ. ಕೇಳಿದವರೆಲ್ಲ ಅದನ್ನು ಸಿಂಥಸೈಜರ್ ಎಂದೇ ತಿಳಿದರು. ಅದಕ್ಕಿಂತ ದೊಡ್ಡ ದೋಷವನ್ನು ಹುಡುಕಲು ನನಗೆ ತಿಂಗಳುಗಳೇ ಬೇಕಾದವು. ಅರಬಿ ಸಂಗೀತದಲ್ಲಿ ನಮ್ಮ ರಾಗದಂತಿರುವುದು ಮಖಾಮ್. ರಾಸ್ತ್ ಎಂಬ ಮಖಾಮಿನ ಮೂರನೆಯ ಸ್ವರ ನಮ್ಮ ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ನಿಲ್ಲುತ್ತದೆ, ತಂತ್ರಾಂಶವಾದರೋ ಅದನ್ನು ಈ ಕಡೆಗೋ ಆ ಕಡೆಗೋ ತಳ್ಳುತ್ತಿತ್ತು. ಸ್ವರಸ್ಥಾನಗಳನ್ನು ಕೈಯಾರೆ ಹೊಂದಿಸಿಯೂ ನೋಡಿದೆ, ಆದರೆ ನನ್ನ ಗುರುಗಳಾದ ಉಸ್ತಾದರ ಕಂಠದಲ್ಲಿ ಬಯಾತಿ ಮಖಾಮಿನ ಎರಡನೆಯ ಸ್ವರ ಏರುವಾಗ ನಿಂತ ಜಾಗದಲ್ಲಿ ಇಳಿಯುವಾಗ ನಿಲ್ಲುತ್ತಿರಲಿಲ್ಲ. ಅಂದಿನಿಂದ ಆ ತಂತ್ರಾಂಶವನ್ನು ತೆರೆದಿಲ್ಲ.

ಎರಡನೆಯ ಪ್ರಯತ್ನಕ್ಕೆ ಎಂಟು ಮಂದಿ ವೃತ್ತಿಪರ ಕೋರಸ್ ಗಾಯಕರನ್ನು ಕರೆಸಿದೆ. ಪ್ರತಿಯೊಬ್ಬರೂ ನುರಿತವರೇ ಆದರೂ ಎಂಟು ಕಂಠಗಳ ಕಂಪನ ಎಂಟು ಬಗೆಯದಾಗಿತ್ತು, ಅರಬಿ ಪದಗಳನ್ನು ಅವರು ಹಾಳೆ ನೋಡಿ ಓದುತ್ತಿದ್ದರು. ‘ಖಲ್ಬ್’ ಎಂದರೆ ಹೃದಯ. ಗಂಟಲಿನಾಳದ ‘ಖಾಫ್’ ಜಾರಿ ‘ಕಲ್ಬ್’ ಆದರೆ ಅದು ನಾಯಿ. ಪ್ರಾರ್ಥನೆಯ ಸಾಲಿನಲ್ಲಿ ಆ ತಪ್ಪು ಮೂರು ಕಡೆ ಉಳಿದಿರುವುದನ್ನು ಉಸ್ತಾದರು ತೋರಿಸಿದಾಗ ಇಡೀ ಮುದ್ರಣವನ್ನು ಅಳಿಸಿಹಾಕಿದೆ. ಕೈಸಾಲದ ಅರ್ಧದಷ್ಟು ಆ ಒಂದೇ ವಾರದಲ್ಲಿ ಹೋಯಿತು.

ಕೈಹಿಡಿದ ಕ್ರಮ ಇದು. ರಾಗ ಹಾಕುವ ಮೊದಲು ಆರು ವಾರ ಸಾಹಿತ್ಯವನ್ನು ಬರಿದೆ ಓದುತ್ತೇವೆ. ತಜ್ವೀದ್ ಕುರ್‌ಆನ್ ಪಾರಾಯಣದ ಶಾಸ್ತ್ರವೇ ಹೊರತು ಹಾಡಿನದಲ್ಲ, ಆದರೂ ಅಕ್ಷರಗಳ ಉಚ್ಚಾರಣಾ ಸ್ಥಾನವನ್ನು ಅದರಿಂದಲೇ ಕಲಿತೆವು. ಇಮಾಂ ಬೂಸೀರಿಯವರು 13ನೆಯ ಶತಮಾನದಲ್ಲಿ ರಚಿಸಿದ ಪ್ರವಾದಿ ಸ್ತುತಿಕಾವ್ಯ ಬುರ್ದಾ ‘ಬಸೀತ್’ ಛಂದಸ್ಸಿನಲ್ಲಿದೆ. ಅದರ ಲಘು ಗುರುಗಳನ್ನು ನಾಲ್ಕು ಮಾತ್ರೆಯ ಪಾಪ್ ತಾಳಕ್ಕೆ ಎಳೆದು ಕೂರಿಸಿದ್ದರಿಂದಲೇ ನನ್ನ ಮೊದಲ ಮುದ್ರಣದಲ್ಲಿ ಹ್ರಸ್ವಗಳೆಲ್ಲ ದೀರ್ಘವಾಗಿದ್ದವು. ಹಲವು ವಾರ ಓದಿದ ಮೇಲೆ ಛಂದಸ್ಸು ತಾನಾಗಿಯೇ ಲಯ ಕೊಡುತ್ತದೆ, ಲಯ ತೋರಿಸಲು ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಬೇಕಾಗುವುದಿಲ್ಲ.

ಹಾಡುವವರು ಏಳು ಮಂದಿ. ಅವರಲ್ಲಿ ಒಬ್ಬರೂ ವೃತ್ತಿಯಿಂದ ಗಾಯಕರಲ್ಲ, ವರ್ಷಗಳಿಂದ ಒಂದೇ ದಿಕ್ರ್ ಮಜ್ಲಿಸಿನಲ್ಲಿ (ದೇವಸ್ಮರಣೆಯ ಕೂಟದಲ್ಲಿ) ಕೂತು ಒಟ್ಟಿಗೆ ಉಸಿರು ತೆಗೆದು ಬಿಟ್ಟವರು. ಎಲ್ಲರೂ ಒಂದೇ ಮೈಕಿನ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತೇವೆ, ಭಾರವಾದ ಕಂಠದವರು ಎರಡು ಹೆಜ್ಜೆ ಹಿಂದೆ. ಆಧಾರವಿಲ್ಲದೆ ಹಾಡಿದರೆ ನಾಲ್ಕೈದು ನಿಮಿಷಗಳಲ್ಲಿ ತಂಡದ ಶ್ರುತಿ ಅರ್ಧ ಸ್ವರದಷ್ಟು ಕುಸಿಯುತ್ತಿತ್ತು. ಅದಕ್ಕಾಗಿ ಪ್ರತಿಯೊಬ್ಬರ ಒಂದು ಕಿವಿಗೆ ನನ್ನದೇ ಕಂಠದ ನಿಲುಸ್ವರವನ್ನು ಸಣ್ಣಗೆ ಕೊಡುತ್ತೇನೆ. ಆ ನಿಲುಸ್ವರ ಷಡ್ಜವಲ್ಲ. ಯಾವ ಸ್ವರವೆಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದು ವರ್ಷ ಹಿಡಿದಿದೆ.

ನಡುವೆ ದಫ್ (ಕೈಯಿಂದ ತಟ್ಟುವ ಚರ್ಮವಾದ್ಯ) ಬೇಕೆಂದವರಿಗಾಗಿ ಎದೆಯನ್ನು ಅಂಗೈಯಿಂದ ತಟ್ಟಿ ಮುದ್ರಿಸಿದೆ, ದಪ್ಪ ಪುಸ್ತಕವನ್ನು ತಟ್ಟಿದೆ, ಬಾಯಿಯಿಂದಲೇ ದಫ್ ನುಡಿಸಿದೆ. ಎದೆಯ ನಾದ ಚೆನ್ನಾಗಿಯೇ ಬಂದಿತ್ತು, ಆದರೆ ಅದು ಕೇಳಿದ ಕೂಡಲೇ ಹಾಡುವವರು ಛಂದಸ್ಸನ್ನು ಬಿಟ್ಟು ತಟ್ಟನ್ನು ಹಿಂಬಾಲಿಸುತ್ತಿದ್ದರು. ಮೆಟ್ಟಿಲುಕೋಣೆಯಲ್ಲಿ ಮುದ್ರಿಸಿದ ಒಂದು ಹಮ್ದ್ (ದೇವಸ್ತುತಿ) ಮಾತ್ರ ಮೂರನೆಯ ಸಂಕಲನದಲ್ಲಿ ಉಳಿದಿದೆ, ಆ ಮೊಳಗನ್ನು ಯಾವ ಯಂತ್ರವೂ ನನಗೆ ಕೊಟ್ಟಿಲ್ಲ.

ಬಿಡುಗಡೆಯ ವಿಷಯದಲ್ಲಿಯೂ ಪೆಟ್ಟು ತಿಂದೆ. ನಶೀದನ್ನು ಜನ ಅತಿ ಹೆಚ್ಚು ಕೇಳುವುದು ರಮಳಾನಿನಲ್ಲಿ, ಅಂದರೆ ರಂಜಾನ್ ತಿಂಗಳಲ್ಲಿ. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಆ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಪಾಪ್ ಕಾಲದ ಅಭ್ಯಾಸದಂತೆ ಹಿಂದಿನ ವರ್ಷದ ತಾರೀಖಿಗೇ ಸಿದ್ಧತೆ ನಡೆಸಿ, ಎರಡನೆಯ ಸಂಕಲನವನ್ನು ತಿಂಗಳ ನಡುವಿಗೆ ತಂದು ಕಳೆದುಕೊಂಡೆ. ಈಗ ರಮಳಾನಿನ ಹಿಂದಿನ ತಿಂಗಳಾದ ಶಾಬಾನಿನ ಮೊದಲ ವಾರವೇ ಬಿಡುಗಡೆ ಮಾಡುತ್ತೇನೆ. ಶತಮಾನಗಳಷ್ಟು ಹಳೆಯ ಧಾಟಿಯೊಂದನ್ನು ಯಾರೋ ತಮ್ಮದೆಂದು ನೋಂದಾಯಿಸಿಕೊಂಡಿದ್ದರಿಂದ ನನ್ನ ಒಂದು ಹಾಡಿನ ಹಣ ನಾಲ್ಕು ತಿಂಗಳು ತಡೆಹಿಡಿಯಲ್ಪಟ್ಟಿತ್ತು. ಏಳು ಕಂಠಗಳ ಕಚ್ಚಾ ಮುದ್ರಣವನ್ನು ತಾರೀಖಿನ ಸಮೇತ ಕಳುಹಿಸಿದ ಮೇಲೆಯೇ ಅದು ಬಿಡುಗಡೆಯಾಯಿತು, ಆದ್ದರಿಂದ ಯಾವ ಟೇಕನ್ನೂ ನಾನು ಅಳಿಸುವುದಿಲ್ಲ.

ನಾಲ್ಕನೆಯ ಸಂಕಲನದ ಖರ್ಚು ಮೊದಲ ರಮಳಾನಿನಲ್ಲಿಯೇ ಮರಳಿ ಬಂತು, ಏಳು ಮಂದಿಗೂ ಸಮಪಾಲು ಸಂದಿದೆ. ಐದನೆಯದಕ್ಕೆ ಸಬಾ ಮಖಾಮನ್ನು ಹಿಡಿದಿದ್ದೇವೆ, ಅದರ ನಾಲ್ಕನೆಯ ಸ್ವರದಲ್ಲಿ ಏಳು ಕಂಠಗಳು ಇನ್ನೂ ಒಂದಾಗಿಲ್ಲ.