ಮೀನೆಣ್ಣೆ ಬಯೋಡೀಸೆಲ್: ಎಂಜಿನ್‌ಗೆ ಹಾಕುವ ಮುಂಚೆ

ಮೊದಲಿಗೆ, ಮೀನೆಣ್ಣೆಯನ್ನು ಹಾಗೇ ಟ್ಯಾಂಕಿಗೆ ಸುರಿಯಬೇಡಿ. ಅದು ಡೀಸೆಲ್‌ಗಿಂತ ತುಂಬಾ ಗಟ್ಟಿ, ಇಂಜೆಕ್ಟರ್‌ನಿಂದ ಸಣ್ಣ ಹನಿಯಾಗಿ ಹೊರಬರುವುದಿಲ್ಲ, ಅರ್ಧಂಬರ್ಧ ಸುಟ್ಟು ನಾಝಲ್‌ಗೂ ಪಿಸ್ಟನ್ ರಿಂಗ್‌ಗೂ ಮಸಿಯಾಗಿ ಅಂಟಿಕೊಳ್ಳುತ್ತದೆ. ಮೆಥನಾಲ್ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ಪೂರ್ತಿ ಒಣಗಿಸಿದ ಮೇಲೆ ಸಿಗುವುದೇ ಬಯೋಡೀಸೆಲ್. ಮೆಥನಾಲ್ ವಿಷ, ಥಟ್ಟನೆ ಬೆಂಕಿ ಹತ್ತುತ್ತದೆ ಬೇರೆ. ಹಾಗಾಗಿ ಮನೆಯಲ್ಲಿ ಮಾಡಲು ಹೋಗದೆ, ಪರೀಕ್ಷೆ ಆಗಿರುವ ಇಂಧನವನ್ನೇ ತೆಗೆದುಕೊಳ್ಳಿ.

ಇಷ್ಟಾದರೂ ಮೀನೆಣ್ಣೆ ಇಂಧನಕ್ಕೆ ಒಂದು ದೊಡ್ಡ ಕಾಯಿಲೆ ಇದೆ: ಬೇಗ ಹಳಸುತ್ತದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಮಾತ್ರೆಯಲ್ಲಿ ನುಂಗುತ್ತೇವಲ್ಲ, ಅದೇ ಒಮೇಗಾ 3 ಇಲ್ಲಿ ತೊಂದರೆ ಕೊಡುವುದು. ಅದರ ಅಣುವಿನಲ್ಲಿ 5-6 ಜೋಡಿ ಬಂಧಗಳಿರುತ್ತವೆ (ಡಬಲ್ ಬಾಂಡ್), ಗಾಳಿಯ ಆಮ್ಲಜನಕ ಮೊದಲು ಅಲ್ಲೇ ದಾಳಿ ಮಾಡುತ್ತದೆ, ಆಮೇಲೆ ಆಮ್ಲ, ಕೊನೆಗೆ ಗೋಂದು. ಯುರೋಪಿನ ಇಎನ್ 14214 ಮಾನದಂಡ 4 ಅಥವಾ ಹೆಚ್ಚು ಜೋಡಿ ಬಂಧ ಇರುವ ಎಸ್ಟರ್‌ಗಳಿಗೆ (ಬಯೋಡೀಸೆಲ್ ಆಗಿರುವುದೇ ಈ ಅಣುಗಳಿಂದ) ಶೇ 1ರ ಮಿತಿ ಹಾಕಿದೆ. ಮೀನೆಣ್ಣೆಯದ್ದು ಸಾಮಾನ್ಯವಾಗಿ ಇದನ್ನು ಸುಲಭವಾಗಿ ದಾಟುತ್ತದೆ.

ಅದಕ್ಕೇ ಡೀಸೆಲ್‌ನಲ್ಲಿ ಬೆರೆಸಿ ಬಳಸುವುದು ವಾಸಿ. ಬಿ20 ಅಂದರೆ 1 ಲೀಟರ್ ಬಯೋಡೀಸೆಲ್‌ಗೆ 4 ಲೀಟರ್ ಡೀಸೆಲ್. ಎಂಜಿನ್ ಕಂಪನಿ ಎಷ್ಟಕ್ಕೆ ಒಪ್ಪಿದೆ ಅಂತ ಕೈಪಿಡಿಯಲ್ಲಿ ನೋಡಿ, ಅದಕ್ಕಿಂತ ಮೇಲೆ ಹೋಗಬೇಡಿ. ಹಳಸುವುದನ್ನು ತಡೆಯುವ ಟಿಬಿಎಚ್‌ಕ್ಯೂನಂಥ ಆ್ಯಂಟಿಆಕ್ಸಿಡೆಂಟ್ ಹಾಕುವುದಾದರೆ ಇಂಧನ ತಾಜಾ ಇರುವಾಗಲೇ ಹಾಕಬೇಕು, ಹಳಸಿದ ಮೇಲೆ ಹಾಕಿ ಏನು ಪ್ರಯೋಜನ? ಡಬ್ಬ ತುಂಬಿರಲಿ, ಮುಚ್ಚಿರಲಿ, ನೆರಳಲ್ಲಿರಲಿ. ತಾಮ್ರ, ಹಿತ್ತಾಳೆ, ಸತು ತಾಗಿದರೆ ಇನ್ನೂ ಬೇಗ ಕೆಡುತ್ತದೆ, ಪೈಪು ಜೋಡಿಸುವ ಸಣ್ಣ ಹಿತ್ತಾಳೆ ತುಂಡುಗಳನ್ನೂ ಮರೆಯಬೇಡಿ.

ಹಳೇ ಎಂಜಿನ್ ಆದರೆ ಒಂದೆರಡು ಫ್ಯೂಯಲ್ ಫಿಲ್ಟರ್ ಜೊತೆಗಿಟ್ಟುಕೊಳ್ಳಿ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಬಯೋಡೀಸೆಲ್ ಕರಗಿಸಿ ಎಬ್ಬಿಸುತ್ತದೆ, ಅದೆಲ್ಲ ಬಂದು ಫಿಲ್ಟರ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೇ ರಬ್ಬರ್ ಹೋಸ್ ಉಬ್ಬಿ ಮೆತ್ತಗಾದರೆ ಇಂಧನಕ್ಕೆ ತಡೆಯುವ ವೈಟಾನ್ ರಬ್ಬರ್ ಹೋಸ್ ಹಾಕಿಸಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಎಕ್ಸಾಸ್ಟ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಹೊಸ ಗಾಡಿಗಳಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು: ಈ ಡಿಪಿಎಫ್ ತನ್ನಲ್ಲಿನ ಮಸಿಯನ್ನು ಸುಟ್ಟು ಶುಚಿಯಾಗುವಾಗ ಸುಡದೇ ಉಳಿದ ಬಯೋಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ಬಿಸಿಗೂ ಆವಿಯಾಗದೆ ಅಲ್ಲೇ ಉಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ತಡಮಾಡದೆ ಬದಲಿಸಿ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ, ಮುಂಚೆ ಬರೀ ಡೀಸೆಲ್‌ನಲ್ಲಿ ಸ್ವಲ್ಪ ಓಡಿಸಿ ಪಂಪು, ಇಂಜೆಕ್ಟರ್‌ನಲ್ಲಿ ಉಳಿದ ಬಯೋಡೀಸೆಲ್ ಖಾಲಿ ಮಾಡಿಕೊಳ್ಳಿ. ಡಬ್ಬದಲ್ಲಿ ಉಳಿದದ್ದು ಘಾಟು ವಾಸನೆ ಬರುತ್ತಿದ್ದರೆ, ತಳದಲ್ಲಿ ಅಂಟು ಕಂಡರೆ, ಡೀಸೆಲ್ ಬೆರೆಸಿ ಸರಿಮಾಡೋಣ ಅಂತ ಹೋಗಬೇಡಿ, ಅದು ಎಂಜಿನ್‌ಗಲ್ಲ.